ಆರು ಕೊಂಬಿನ ವೈಫೈ ಪೆಟ್ಟಿಗೆಯವರ ಸನ್ನಿಧಾನಕ್ಕೆ

ಮಾನ್ಯ ವೈಫೈ ಪೆಟ್ಟಿಗೆಯವರೇ,

ಮೊನ್ನೆ ಮೊನ್ನೆಯವರೆಗೂ ನಮ್ಮ ಕನ್ನಡಿ ಅಂಗಡಿಯ ಮಹಡಿ ಕಿಟಕಿಯಲ್ಲಿ ಆರು ಕೊಂಬುಗಳನ್ನೆತ್ತಿ, ಹಸಿರು ಕಣ್ಣು ಮಿಟುಕಿಸುತ್ತಾ ವಿರಾಜಮಾನರಾಗಿದ್ದ ತಮಗೆ ಕೆಳ ಅಂತಸ್ತಿನ ಈ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿ, ನನ್ನ ಕ್ಷೇಮದ ಬಗ್ಗೆ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ತಮ್ಮನ್ನು ಆರಿಸಿ ತಂದವನು ನಾನೇ. ಕೆಳಗೆ ನಾನು ಗಿರಾಕಿಗಳ ಅಳತೆ ಬರೆದುಕೊಳ್ಳುವುದು, ಮೇಲೆ ಅಕ್ಕ ಗಾಜು ಕೊಯ್ಯುವುದು, ಮೆಟ್ಟಿಲ ಸಂದಿಯಲ್ಲಿ ಹಗ್ಗದ ಬುಟ್ಟಿಯೊಂದು ಚೀಟಿ ಹೊತ್ತು ಓಡಾಡುವುದು, ಬುಟ್ಟಿ ಓಲಾಡದಿರಲೆಂದು ಅದರಲ್ಲೊಂದು ಗುಂಡುಕಲ್ಲು; ಇದು ಹತ್ತೊಂಬತ್ತು ವರ್ಷಗಳ ನಮ್ಮ ಪದ್ಧತಿ. ಈ ಕಾಲದಲ್ಲೂ ಬುಟ್ಟಿಯೇ ಎಂದು ನಾಚಿಕೊಂಡು ವೈಫೈ ಹುಡುಕಲು ಹೊರಟೆ. ಮೂವರು ಮಾರಾಟಗಾರರು ಬಂದರು. ಒಬ್ಬರು ಎರಡು ಕೊಂಬಿನದನ್ನು, ಇನ್ನೊಬ್ಬರು ನಾಲ್ಕು ಕೊಂಬಿನದನ್ನು ತೋರಿಸಿದರು; ಮೂರನೆಯವರ ಚೀಲದಿಂದ ತಾವು ಹೊರಬಂದಿರಿ. ಕೊಂಬು ಎಣಿಸುವಷ್ಟು ಲೆಕ್ಕ ನನಗೂ ಬರುತ್ತದೆ. "ಕನ್ನಡಿಗಳ ಮಧ್ಯೆ ಒಂದು ದಿನ ಇಟ್ಟು ನೋಡಿ ಆಮೇಲೆ ತಗೊಳ್ಳೋ" ಎಂದು ಅಕ್ಕ ಹೇಳಿದ್ದಳು. ತಮ್ಮಂಥವರನ್ನು ಪರೀಕ್ಷೆಗೆ ಒಡ್ಡುವುದು ಅಪಚಾರವೆಂದು ಭಾವಿಸಿ, ಅಂದೇ ಹಗ್ಗ ಕತ್ತರಿಸಿ, ಗುಂಡುಕಲ್ಲನ್ನು ಚರಂಡಿಗೆ ಎಸೆದೆ.

ಕನ್ನಡಿಯ ಬೆನ್ನಿಗೆ ಬಳಿಯುವ ಲೇಪ ತಮ್ಮ ಅಲೆಗಳನ್ನು ಬಂದ ದಾರಿಗೇ ಅಟ್ಟುತ್ತದೆಂಬ ಸಂಗತಿ ನನಗೆ ಆಮೇಲೆ ತಿಳಿಯಿತು. ಮಹಡಿ ತುಂಬ ಕನ್ನಡಿಗಳೇ ಇರುವುದರಿಂದ ತಾವು ಕೆಳಗಿಳಿಯುವ ಗೊಡವೆಗೆ ಹೋಗದೆ, ಕಿಟಕಿಯಿಂದ ಹಾರಿ, ರಸ್ತೆ ದಾಟಿ, ಎದುರಿನ ಕ್ಷೌರದಂಗಡಿಯ ಮೂರನೆಯ ಕುರ್ಚಿಯಲ್ಲಿ ಪೂರ್ಣಕಳೆಯಿಂದ ನೆಲೆಸಿದಿರಿ. ಅಲ್ಲಿ ಕೂತರಷ್ಟೇ ನನ್ನ ಅಳತೆ ಅಕ್ಕನ ಫೋನಿಗೆ ತಲುಪುತ್ತಿತ್ತು. ಮೆಟ್ಟಿಲು ಹತ್ತಿ ಹೇಳಬಹುದಿತ್ತು, ಫೋನಿನಲ್ಲಿ ಕರೆಯನ್ನೂ ಮಾಡಬಹುದಿತ್ತು, ಆದರೆ ಅದು ಅಕ್ಕನೆದುರು ಸೋಲೊಪ್ಪಿಕೊಂಡಂತೆ ಆಗುತ್ತಿತ್ತು. ಕ್ಷೌರಿಕರೋ ಕುರ್ಚಿಯಲ್ಲಿ ಕೂತವರನ್ನು ಕತ್ತರಿ ಆಡಿಸದೆ ಎಬ್ಬಿಸುವವರಲ್ಲ. ಮಾರಾಟಗಾರರು ಮಾತಿನಲ್ಲೇ ನನ್ನ ತಲೆ ಬೋಳಿಸಿದ್ದರು; ಎರಡೇ ವಾರದಲ್ಲಿ ಕ್ಷೌರಿಕರು ಅದನ್ನು ಕತ್ತಿಯಿಂದ ಖಾಯಂ ಮಾಡಿದರು.

ಇದನ್ನಾದರೂ ಸಹಿಸುತ್ತಿದ್ದೆ. ಆದರೆ ನೃತ್ಯಶಾಲೆಯ ಮೇಷ್ಟರಮ್ಮ ಏಳು ದೊಡ್ಡ ಕನ್ನಡಿಗಳಿಗೆ ಹೇಳಿ, ಎತ್ತರ ಐದು ಅಡಿ ಎಂದವರು, ಅದನ್ನು ನಾನು ಆ ಕುರ್ಚಿಯಲ್ಲಿ ಕೂತು ಕಳಿಸಿ ಬರುವಷ್ಟರಲ್ಲಿ ಆರು ಎಂದು ತಿದ್ದಿದರು. ತಿದ್ದುಪಡಿ ಕಳಿಸಲು ಓಡಿದರೆ ಮೂರನೆಯ ಕುರ್ಚಿಯಲ್ಲಿ ಯಾರೋ ಮುಖದ ತುಂಬ ನೊರೆ ಬಳಿದುಕೊಂಡು ನಿದ್ದೆ ಹೊಡೆಯುತ್ತಿದ್ದರು. ನನ್ನ ಸರದಿ ಬರುವಷ್ಟರಲ್ಲಿ ಏಳೂ ಗಾಜು ಐದಡಿಗೆ ಕತ್ತರಿಸಿ ಆಗಿತ್ತು. "ಕುಣಿಯೋದು ಕಾಲು, ನಿಮ್ಮ ಕನ್ನಡೀಲಿ ಕಾಲೇ ಕಾಣಲ್ವಲ್ಲ" ಎಂದ ಮೇಷ್ಟರಮ್ಮ, ಸೋಮವಾರದೊಳಗೆ ಸರಿಯಾದವು ಬರದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳುವುದಾಗಿ ಹೇಳಿ ಹೋದರು. ಅಕ್ಕನ ಕೈಗೆ ಅಷ್ಟು ದೊಡ್ಡ ಕೆಲಸ ಎಂದೂ ಸಿಕ್ಕಿರಲಿಲ್ಲ. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯದೆ, ಆ ಏಳು ಗಾಜನ್ನೂ ಒಂದೊಂದಾಗಿ ಒರೆಸಿ ಗೋಡೆಗೆ ಒರಗಿಸಿಟ್ಟಳು. ನನಗೆ ನಿಜಕ್ಕೂ ಅಳು ಬಂತು.

ಆದಕಾರಣ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಒಂದೋ ಕನ್ನಡಿಗಳಿಗೆ ಬುದ್ಧಿ ಹೇಳಿ ದಾರಿ ಬಿಡಿಸಿಕೊಳ್ಳಿ, ಇಲ್ಲವೇ ಆ ಮೂರನೆಯ ಕುರ್ಚಿಯನ್ನು ರಸ್ತೆ ದಾಟಿಸಿ ನಮ್ಮಲ್ಲಿಗೆ ಕರೆತನ್ನಿ. ಅದೂ ಆಗದಿದ್ದರೆ ನನ್ನ ಕೂದಲನ್ನಾದರೂ ಗಾಳಿಯಲ್ಲೇ ವಾಪಸು ಕಳಿಸಿಕೊಡಿ. ಅಷ್ಟು ವೇಗ ತಮಗಿದೆಯೆಂದು ತಮ್ಮ ಡಬ್ಬದ ಮೇಲೇ ಅಚ್ಚಾಗಿದೆ.

ತಮ್ಮ ವಿಶ್ವಾಸಿ,
ಅಕ್ಕನ ಬೋಳುತಲೆಯ ತಮ್ಮ

ತಾ.ಕ.: ಮೇಷ್ಟರಮ್ಮ ಬಂದುಹೋದ ಮರುದಿನವೇ ಅಕ್ಕ ಹೊಸ ಹಗ್ಗ ಕಟ್ಟಿದಳು. ಸೋಮವಾರ ಏಳು ಕನ್ನಡಿಗಳೂ ಆರಡಿಯಾಗಿ ಹೋದವು, ಮೇಷ್ಟರಮ್ಮನಿಗೆ ಕಾಲು ಕಂಡಿತು. ಗುಂಡುಕಲ್ಲಿನ ಜಾಗದಲ್ಲಿ ಅಕ್ಕ ತಮ್ಮನ್ನೇ ಬುಟ್ಟಿಯಲ್ಲಿ ಕೂರಿಸಿರುವುದರಿಂದ ಚೀಟಿಗಳು ಈಗ ತಮ್ಮ ಮೂಲಕವೇ ಸುರಕ್ಷಿತವಾಗಿ ಮೇಲೇರುತ್ತಿವೆ. ಕ್ಷೌರಿಕರು ತಮ್ಮನ್ನು ಕೊಡುತ್ತೀರಾ ಎಂದು ಕೇಳುತ್ತಿದ್ದಾರೆ. ಕೊಡಲು ಅಡ್ಡಿಯಿಲ್ಲ, ತಮ್ಮಷ್ಟೇ ತೂಕದ ಕಲ್ಲೊಂದು ಸಿಗಬೇಕು. ಒಂದನ್ನು ಆರಿಸಿದ್ದೇನೆ. ಈ ಸಲ ಮಾತ್ರ ಒಂದು ದಿನ ಬುಟ್ಟಿಯಲ್ಲಿ ಇಟ್ಟು ನೋಡುತ್ತೇನೆ.