ಭಾಸ್ಕರನ ಮನೆಯಲ್ಲಿ ಇಬ್ಬನಿ

ಮಾನ್ಯ ಓದುಗ ಮಹಾಶಯರಲ್ಲಿ, ಅಮೆರಿಕದ ಪ್ಲೆಸೆಂಟನ್ ನಿವಾಸಿಯಾದ ಭಾಸ್ಕರ ಎಂಬ ನಾನು ಮಾಡಿಕೊಳ್ಳುವ ಅರಿಕೆ. ಕೀಬೋರ್ಡಿನ ಸಹವಾಸದಿಂದ ನನ್ನ ಕೈಬರಹ ಕೋಳಿಕಾಲಾಗಿದೆ. ಒತ್ತಕ್ಷರಗಳು ತಮಗೆ ತೋಚಿದಲ್ಲಿ ಕುಳಿತಿವೆ. ಮೊದಲ ಬರಹವೆಂದು ಮನ್ನಿಸಬೇಕು.

ನಮ್ಮ ಮಗಳು ಹುಟ್ಟಿದ್ದು ನಸುಕಿನಲ್ಲಿ. ಬಾಣಂತನದ ದಿನಗಳಲ್ಲಿ ಸೂಪು ತಂದುಕೊಡುತ್ತಿದ್ದ ಪಕ್ಕದ ಮನೆಯ ಎಲೆನಾ, ಮೆಕ್ಸಿಕೋದಲ್ಲಿದ್ದ ತನ್ನ ಅಜ್ಜಿಯ ಹೆಸರು ಹೇಳಿದಳು: ರೊಸೀಯೊ. ಸ್ಪ್ಯಾನಿಷ್ ಭಾಷೆಯಲ್ಲಿ ಇಬ್ಬನಿ ಎಂದರ್ಥ. ಅತ್ತು ಸುಮ್ಮನಾದ ಮಗುವಿನ ರೆಪ್ಪೆಯ ಮೇಲೆ ನಿಂತ ಹನಿಯನ್ನು ನೋಡಿ, ಬೆಂಗಳೂರಿನವಳಾದ ನನ್ನ ಹೆಂಡತಿ ಸುಧಾ ಆದೇಶ ಹೊರಡಿಸಿದಳು.

"ಇದೇ ಹೆಸರು ರೀ. ನಿಮ್ಮಮ್ಮನ್ನ ಒಪ್ಪಿಸೋದು ನಿಮ್ಮ ಡಿಪಾರ್ಟ್‌ಮೆಂಟು."

ಧಾರವಾಡದಿಂದ ಬಂದಿದ್ದ ಅವ್ವನಿಗೆ ಮೊದಲೇ ತಿಳಿಸಬಹುದಿತ್ತು. ಆದರೆ ತೊಟ್ಟಿಲಿಗೆ ಹಾಕುವವರೆಗೆ ಹೆಸರು ಗುಟ್ಟಾಗಿರಬೇಕೆಂಬ ಪದ್ಧತಿಯ ಹಿಂದೆ ನಾನು ಅಡಗಿ ಕುಳಿತೆ. ಕಿವಿಗೆ ಬಿದ್ದ ಹೆಸರನ್ನು ಯಾರು ತಾನೇ ಹಿಂಪಡೆದಾರು? ಎಂಥ ಮುಂದಾಲೋಚನೆ!

ತೊಟ್ಟಿಲಿಗೆ ಹಾಕುವ ದಿನ ಪರಿಚಯದ ಹೆಂಗಸರೆಲ್ಲ ನಮ್ಮ ಮನೆಯಲ್ಲಿ ನೆರೆದರು. ಹೆಸರಿಡಬೇಕಾದ ಸೋದರತ್ತೆ, ಅಂದರೆ ನನ್ನ ಅಕ್ಕ, ಹುಬ್ಬಳ್ಳಿಯಿಂದ ಫೋನಿನಲ್ಲಿ ಹಾಜರಾದಳು. ಫೋನನ್ನು ಮಗುವಿನ ಕಿವಿಗೆ ಹಿಡಿದೆ. ಕುರ್ರ್ ಎಂದು ಗುಟ್ಟಾಗಿ ಉಸುರಬೇಕಾದ ಹೆಸರು; ಸ್ಪೀಕರು ಆನ್ ಆಗಿಯೇ ಇತ್ತು!

"ಕುರ್ರ್... ರೊಸೀಯೊ!"

ಆಗ ಹೆಂಗಸರು ಅತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಶಾಸ್ತ್ರ. ಅತ್ತೆಯ ಬೆನ್ನು ಅಲಭ್ಯವಾದ ಕಾರಣ, ನನ್ನ ಬೆನ್ನನ್ನು ಬದಲಿಯಾಗಿ ಪರಿಗಣಿಸಲಾಯಿತು. ದಬದಬ!

"ಹಂಗಂದ್ರೇನೋ ಭಾಸ್ಕರ?" ಅವ್ವ ಕೇಳಿದಳು.

ಗುದ್ದುಗಳ ನಡುವೆಯೇ ಭಾಷಣ ಆರಂಭಿಸಿದೆ. "ಇಬ್ಬನಿ ಅವ್ವಾ. ನಸುಕಿನ್ಯಾಗ ಹುಲ್ಲಿನ ಮ್ಯಾಲ ಮುತ್ತಿನಂಗ ಹೊಳೀತದಲ್ಲ..."

"ನಿನ್ನ ಹೆಸರಂದ್ರ ಸೂರ್ಯ. ಸೂರ್ಯ ಎದ್ದರ ಇಬ್ಬನಿ ಉಳೀತದೇನೋ, ಹುಚ್ಚಪ್ಪ? ಕೂಸಿಗೆ ಇಂಥಾ ಹೆಸರು ಇಡ್ತಾರ?"

ಸುಧಾಳ ಕಣ್ಣು ತುಂಬಿ ಬಂತು. ತಕ್ಷಣ ನಾನು ಪರಿಹಾರ ಮಂಡಿಸಿದೆ.

"ಈ ಊರಾಗ ಮಂಜು ಭಾಳ ಅವ್ವಾ. ಬಿಸಿಲೇ ಬೀಳೂದಿಲ್ಲ."

ಕಿಟಕಿಯಲ್ಲಿ ಸುಡುಬಿಸಿಲು ನಿಂತು ನನ್ನ ಸುಳ್ಳನ್ನು ಆಲಿಸುತ್ತಿತ್ತು.

"ಹಂಗಾದ್ರ ನಿನ್ನ ಹೆಸರೇ ಬದಲಿ ಮಾಡೂಣು!" ಎಂದಳು ಅವ್ವ. ಹೆಂಗಸರು ಮತ್ತೆ ನನ್ನ ಬೆನ್ನಿನತ್ತ ಸರಿದರು.

ಆಗ ಸುಧಾ ಮೂಗೊರೆಸಿಕೊಂಡು ಕೇಳಿದಳು. "ಅತ್ತೆ, ಈ ಸೂರ್ಯ ಒಂಬತ್ತಕ್ಕೆ ಮುಂಚೆ ಎದ್ದಿದ್ದು ಯಾವತ್ತಾದ್ರೂ ನೋಡಿದೀರಾ?"

ಅವ್ವ ಬಹಳ ಹೊತ್ತು ನೆನಪು ಕೆದಕಿದಳು. ಏನೂ ಸಿಗಲಿಲ್ಲ!

"ಖರೇನ," ಎಂದು ತೊಟ್ಟಿಲು ತೂಗಿದಳು. "ಹೆದರಬ್ಯಾಡ ರೊಸೀಯೊ. ನಿಮ್ಮಪ್ಪನಿಂದ ನಿನಗೇನೂ ಆಗೂದಿಲ್ಲ."

ಹೀಗೆ ನನ್ನ ಸೋಮಾರಿತನದ ಆಧಾರದ ಮೇಲೆ ಮಗಳ ಹೆಸರು ಸರ್ವಾನುಮತದಿಂದ ಅಂಗೀಕಾರವಾಯಿತು. ಈ ಬರಹದಲ್ಲಿ ತಪ್ಪುಗಳು ಕಂಡಲ್ಲಿ ಕೂಡಲೇ ಫೋನು ಮಾಡಿ ತಿದ್ದಬೇಕಾಗಿ ವಿನಂತಿ. ಆದರೆ ದಯವಿಟ್ಟು, ಬೆಳಿಗ್ಗೆ ಒಂಬತ್ತರ ನಂತರ.