ಸಾವಿರ ಬಾತುಕೋಳಿಗೆ ಎರಡು ಸಾವಿರ ಕಾಲು

ಲಿಪಿಕಾರ ಇಬಿಯಾ ಬರೆದ ಬಾತುಕೋಳಿಗೆ ಕಾಲಿರಲಿಲ್ಲ. ಗಲಾಟೆ ಶುರುವಾದದ್ದು ಅಲ್ಲಿಂದ.

ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಶವಪೆಟ್ಟಿಗೆಯ ಒಳಮೈಯಲ್ಲಿ ಬರೆಯುವಾಗ ಹಕ್ಕಿಗೆ ಕಾಲು ಬರೆಯಬಾರದು, ಹಾವಿಗೆ ಬಾಲ ಬರೆಯಬಾರದು. ಬರೆದರೆ ಮುಚ್ಚಳ ಹಾಕಿದ ಮೇಲೆ ಆ ಚಿತ್ರಾಕ್ಷರಗಳಿಗೆ ಜೀವ ಬಂದು ಗೂಬೆ ಹೆಣದ ಮೇಲೆ ಓಡಾಡುತ್ತದೆ, ಹಾವು ಹೆಣವನ್ನು ಕಚ್ಚುತ್ತದೆ, ಪಾಪ ಸತ್ತವನು ಇನ್ನೊಂದು ಸಲ ಸಾಯಬೇಕಾಗುತ್ತದೆ. ನೈಲ್ ದಂಡೆಯ ಹಾಲುಗಲ್ಲದ ಮಕ್ಕಳಿಗೂ ಇದು ಗೊತ್ತು. ಹೆನೂತ್‌ಗೂ ಗೊತ್ತಿತ್ತು, ಆದರೆ ಅವಳಿಗೆ ಅದು ಬೇಕಾಗಿರಲಿಲ್ಲ.

ಹೆನೂತ್ ಕಣಜದ ಅಧಿಕಾರಿ ಸೆನ್ಬಿಯ ವಿಧವೆ. ಸೆನ್ಬಿ ಅರವತ್ತು ದಿನಗಳಿಂದ ಆಚೆ ದಡದ ಡೇರೆಯಲ್ಲಿ ಉಪ್ಪಿನೊಳಗೆ ಒಣಗುತ್ತಿದ್ದ. ಪೆಟ್ಟಿಗೆ ಅವತ್ತು ಹೊತ್ತು ಮುಳುಗುವುದರೊಳಗೆ ದೋಣಿ ಹತ್ತಬೇಕಿತ್ತು. ಬೆಳಿಗ್ಗೆ ಕಲ್ಲುಕುಟಿಗ ವಾಹ್ಕಾನ ಅಂಗಳಕ್ಕೆ ಬಂದವಳು, ಅಲ್ಲಿ ಇರಿಸಿದ್ದ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ ಕಿಟಾರನೆ ಕಿರುಚಿಕೊಂಡಳು.

“ಅಯ್ಯಯ್ಯೋ! ಇದರ ಕಾಲೆಲ್ಲೋ?”

ಬಾಯಲ್ಲಿ ಕುಂಚ ಕಚ್ಚಿಕೊಂಡಿದ್ದ ಇಬಿಯಾ ಬೆಚ್ಚಿಬಿದ್ದ. “ಯಾವುದರದ್ದು ಅಮ್ಮಾವ್ರೆ?”

“ಬಾತುಕೋಳೀದು ಕಣೋ! ಇಲ್ಲೇನು ಬರ್ದಿದೀಯ, ಓದು.”

“‘ಸೆನ್ಬಿಯ ಆತ್ಮಕ್ಕೆ ಸಾವಿರ ರೊಟ್ಟಿ, ಸಾವಿರ ಗಡಿಗೆ ಹೆಂಡ, ಸಾವಿರ ಬಾತುಕೋಳಿ’ ಅಂತ.”

“ಸಾವಿರದಲ್ಲಿ ಒಂದಕ್ಕೂ ಕಾಲಿಲ್ಲ! ನಮ್ಮ ಯಜಮಾನ್ರು ನಲವತ್ತು ವರ್ಷ ಬಾತುಕೋಳಿ ಕಾಲು ಬಿಟ್ಟು ಬೇರೆ ತುಂಡು ಮುಟ್ಟಿದೋರಲ್ಲ. ಕತ್ತು, ರೆಕ್ಕೆ ಕಡಿದೂ ಕಡಿದೂ ನನ್ನ ಹಲ್ಲು ಸವೆದುಹೋದ್ವು. ಅಲ್ಲಿ ಹೋಗಿ ಅವರು ಏನು ತಿನ್ಬೇಕು?”

“ಶಾಸ್ತ್ರ ಹಾಗಿದೆ ಅಮ್ಮಾವ್ರೆ…”

“ಶಾಸ್ತ್ರ ನಿಂದು, ಊಟ ಅವರದ್ದು. ಕಾಲು ಬರ್ದ್ರೆ ಕಲ್ಲಲ್ಲಿ ನಿನ್ನ ಹೆಸರಿರುತ್ತೆ. ಬರೀಲಿಲ್ವಾ, ನಿನ್ನ ಹೆಸರೂ ಇಲ್ಲ.”

ಇಬಿಯಾ ಕುಂಚ ಕೆಳಗಿಟ್ಟ. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಸತ್ತರೆ ಮರಳಿನಲ್ಲಿ ಒಂದು ಗುಂಡಿ ಅಷ್ಟೆ. ಇಪ್ಪತ್ತು ವರ್ಷ ಊರವರ ಹೆಸರನ್ನೆಲ್ಲ ಬರೆದವನ ಹೆಸರು ಎಲ್ಲೂ ಇರಲಿಲ್ಲ. ಸೆನ್ಬಿಯ ಗೋರಿಯ ಬಾಗಿಲ ಕಲ್ಲಿನ ಮೇಲೆ ‘ಬರೆದವನು ಇಬಿಯಾ’ ಎಂದು ಕೆತ್ತಿಸುತ್ತೇನೆಂದು ಹೆನೂತ್ ಮಾತು ಕೊಟ್ಟಿದ್ದಳು. ದಾರಿಹೋಕರು ಅದನ್ನು ಬಾಯಿಬಿಟ್ಟು ಓದಿದಷ್ಟು ಕಾಲ ಅವನು ಬದುಕಿರುತ್ತಾನೆ. ಅಂಥ ಆಸೆ ಇಟ್ಟುಕೊಂಡ ಬಡಪಾಯಿಯನ್ನು ನೋಡಿ ನಗುವವರು ನಗಲಿ, ನನಗಂತೂ ನಗು ಬರುವುದಿಲ್ಲ.

“ಬರ್ದುಬಿಡಯ್ಯ,” ಅಂದ ವಾಹ್ಕಾ. “ಎರಡು ಗೀಟು ತಾನೆ? ಮುಚ್ಚಳ ಹಾಕಿದ್ಮೇಲೆ ಯಾರು ಬಗ್ಗಿ ನೋಡ್ತಾರೆ?”

ವಾಹ್ಕಾ ಬೆಳಗಿನಿಂದ ಒಂದು ಬೋರಲು ಬುಟ್ಟಿಯ ಮೇಲೆ ಕೂತೇ ಆ ಬಾಗಿಲ ಕಲ್ಲನ್ನು ಕೆತ್ತುತ್ತಿದ್ದ. ಆಗಾಗ ಬುಟ್ಟಿ ‘ಕ್ವಾಕ್’ ಅನ್ನುತ್ತಿತ್ತು.

“ಅದೇನೋ ಸದ್ದು?” ಹೆನೂತ್ ಕೇಳಿದಳು.

“ಹಳೇ ಬುಟ್ಟಿ. ಕಿರುಗುಟ್ಟುತ್ತೆ.”

ಹೆನೂತ್‌ಳ ಕೊಳದ ಬಾತುಕೋಳಿಯೊಂದು ಹಿಂದಿನ ಸಂಜೆ ಗೋಡೆ ಹಾರಿ ಈ ಅಂಗಳಕ್ಕೆ ಬಂದದ್ದನ್ನು ಇಬಿಯಾ ಕಣ್ಣಾರೆ ಕಂಡಿದ್ದ. ಅದು ವಾಪಸು ಹೋದದ್ದನ್ನು ಕಂಡಿರಲಿಲ್ಲ. ನನಗ್ಯಾಕೆ ಊರ ಉಸಾಬರಿ ಎಂದುಕೊಂಡು ಕುಂಚ ಅದ್ದಿ, ಕಣ್ಣು ಅರ್ಧ ಮುಚ್ಚಿ, ಬಾತುಕೋಳಿಗೆ ಎರಡು ಕಾಲು ಎಳೆದ.

ಮಧ್ಯಾಹ್ನ ಪುರೋಹಿತ ರೆಸೆನೆಬ್ ಪರೀಕ್ಷೆಗೆ ಬಂದ. ಒಳಗೆ ಇಣುಕಿದವನೇ ಕೆಂಡ ತುಳಿದವನಂತೆ ಹಿಂದಕ್ಕೆ ಹಾರಿದ.

“ಕಾಲು! ಹೆಣದ ಪಕ್ಕ ಕಾಲಿರೋ ಹಕ್ಕಿ! ತಲೆ ನೆಟ್ಟಗಿದೆಯೇನೋ ನಿಂಗೆ? ಎದ್ದು ಓಡಾಡಿ ಆ ಸಾವಿರ ರೊಟ್ಟೀನೂ ಕುಕ್ಕಿ ತಿಂದುಬಿಡುತ್ತೆ!”

“ಅಮ್ಮಾವ್ರು ಹೇಳಿದ್ರು, ಅಯ್ಯನೋರೆ…”

“ಅಳಿಸು! ಇಲ್ಲಾಂದ್ರೆ ನಾನು ಮಂತ್ರ ಹೇಳೋದಿಲ್ಲ.”

ಇಬಿಯಾ ಒದ್ದೆ ಬಟ್ಟೆಯಿಂದ ಅಳಿಸಿದ. ಹೆನೂತ್ ಬಂದು ಬರೆಸಿದಳು. ರೆಸೆನೆಬ್ ಅಳಿಸಿಸಿದ. ಅಷ್ಟರಲ್ಲಿ ಬೀದಿಯೇ ಅಂಗಳದಲ್ಲಿ ಬಂದು ನಿಂತಿತ್ತು. ಅರ್ಧ ಜನ ಕಾಲು ಬೇಕೆಂದರು, ಅರ್ಧ ಜನ ಬೇಡವೆಂದರು, ಯಾರೂ ಮನೆಗೆ ಹೋಗುತ್ತೇನೆ ಅನ್ನಲಿಲ್ಲ.

“ಕಾಲು ಬರ್ದು, ಹಗ್ಗದಲ್ಲಿ ಕಟ್ಟಿರೋ ಹಾಗೆ ತೋರಿಸ್ಲಿ,” ಅಂದಳು ಕುಂಬಾರಗಿತ್ತಿ ತೆಟಿ.

“ಹಗ್ಗಕ್ಕೂ ಜೀವ ಬಂದ್ರೆ?” ಎಂದು ರೆಸೆನೆಬ್ ಕೇಳಿದ.

ಅಳಿಸಿ ಅಳಿಸಿ ಇಡೀ ಹಕ್ಕಿಯನ್ನೇ ಹೊಸದಾಗಿ ಬರೆಯಬೇಕಾಗಿತ್ತು, ಮೂರನೆಯ ಸಲ ಬರೆದ ಅದರ ಮಸಿ ಇನ್ನೂ ಹಸಿಯಾಗಿತ್ತು. ಬಿಸಿಲು ತಾಳಲಾರದೆ ಎಲ್ಲರೂ ಜಗಳವನ್ನು ವಾಹ್ಕಾನ ಮನೆಯೊಳಗೆ ಮುಂದುವರಿಸಲು ಹೋದರು. ಬಂದವರಿಗೆ ಹೆಂಡ ಬಗ್ಗಿಸಲು ವಾಹ್ಕಾನೂ ಬುಟ್ಟಿಯ ಮೇಲಿಂದ ಎದ್ದು ಹೋದ. ಆ ದಿನ ಅವನು ಮಾಡಿದ ಒಂದೇ ಮರ್ಯಾದೆಯ ಕೆಲಸ ಅದು, ಅದರಿಂದಲೇ ಎಲ್ಲ ಕೆಟ್ಟಿತು.

ಅವರು ವಾಪಸು ಬರುವಾಗ ಪೆಟ್ಟಿಗೆಯೊಳಗಿಂದ ಸದ್ದು ಕೇಳಿಸಿತು.

“ಕ್ವಾಕ್.”

ಎಲ್ಲರೂ ನಿಂತಲ್ಲೇ ನಿಂತರು. ಪೆಟ್ಟಿಗೆಯಿಂದ ಮೊದಲು ಒಂದು ತಲೆ ಎದ್ದಿತು, ಆಮೇಲೆ ಕತ್ತು. ಆಮೇಲೆ ಇಡೀ ಬಾತುಕೋಳಿಯೇ ಅಂಚಿನ ಮೇಲೆ ಹತ್ತಿ ನಿಂತು ಮೈ ಕೊಡವಿತು. ಅದರ ಕಾಲೆರಡೂ ಮಸಿಯಲ್ಲಿ ಕಪ್ಪಾಗಿದ್ದವು. ಪೆಟ್ಟಿಗೆಯ ಒಳಮೈಯಲ್ಲಿ, ಬಾತುಕೋಳಿಯ ಚಿತ್ರವಿದ್ದ ಜಾಗದಲ್ಲಿ, ಒರೆಸಿದಂಥ ಒಂದು ಕಲೆ ಬಿಟ್ಟರೆ ಏನೂ ಇರಲಿಲ್ಲ.

ರೆಸೆನೆಬ್ ಧೊಪ್ಪನೆ ಮಂಡಿಯೂರಿದ. ತೆಟಿಯ ಕೈಯ ಬಟ್ಟಲು ಬಿದ್ದು ಚೂರಾಯಿತು.

ಹೆನೂತ್ ಮಾತ್ರ ಎರಡು ಹೆಜ್ಜೆ ಮುಂದೆ ಹೋದಳು. “ಕತ್ತಲ್ಲಿ ಬಿಳೀ ಪಟ್ಟೆ… ನಿನ್ನೆ ನಮ್ಮ ಕೊಳದಿಂದ ಕಾಣೆಯಾಯ್ತಲ್ಲ, ಥೇಟ್ ಅದೇ! ಇಬಿಯಾ, ಎಷ್ಟು ಗಮನಿಸಿ ಬರ್ದಿದೀಯಪ್ಪ!” ಎಂದು ಅಳತೊಡಗಿದಳು.

“ಸಾವಿರ ಅಂತ ಬರ್ದಿತ್ತಲ್ವಾ?” ತೆಟಿ ಕೇಳಿದಳು. “ಉಳಿದ ಒಂಬೈನೂರ ತೊಂಬತ್ತೊಂಬತ್ತು?”

ಇಡೀ ಬೀದಿ ಪೆಟ್ಟಿಗೆಯಿಂದ ಮೂರು ಹೆಜ್ಜೆ ಹಿಂದೆ ಸರಿಯಿತು.

ಇಬಿಯಾ ವಾಹ್ಕಾನತ್ತ ನೋಡಿದ. ವಾಹ್ಕಾ ಮಗುಚಿಬಿದ್ದ ಬುಟ್ಟಿಯತ್ತ ನೋಡಿ, ಆಮೇಲೆ ಆಕಾಶ ನೋಡಿದ. ಅಧಿಕಾರಿಯ ಮನೆಯ ಕಳ್ಳತನಕ್ಕೆ ನೂರು ಕೋಲಿನೇಟು. ಯಾರಿಗೂ ಕಾಣದಂತೆ ಅವನು ಕೈ ಮುಗಿದ. ಇಬಿಯಾ ನಿಜ ಹೇಳಲೆಂದೇ ಬಾಯಿ ತೆರೆದಿದ್ದ. ಅಷ್ಟರಲ್ಲಿ ಹೆನೂತ್ ಕಣ್ಣೊರೆಸಿಕೊಂಡು, “ನಿನ್ನ ಹೆಸರು ದೊಡ್ಡದಾಗೇ ಕೆತ್ತಿಸ್ತೀನಿ, ಇವತ್ತೇ,” ಅಂದಳು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಅಲ್ಲಿಂದ ಇಬಿಯಾನ ಗತ್ತೇ ಬೇರೆ. ಅಳಿಸಿಹೋದ ಬಾತುಕೋಳಿಯನ್ನು ಅವನು ಮತ್ತೆ ಬರೆದ, ಕಾಲು ಸಮೇತ. ರೆಸೆನೆಬ್ ತಾನಾಗಿಯೇ ಮಂತ್ರ ಹೇಳಿ ಮುಗಿಸಿದ. ಕ್ಷೌರಿಕನೊಬ್ಬ ಮಡಕೆ ಚೂರು ತಂದು, “ಒಂದು ಹಸು ಬರ್ಕೊಡಣ್ಣ, ಹಾಲು ಕೊಡೋದು,” ಎಂದು ಬೇಡಿಕೊಂಡ. ನಿನ್ನೆಯವರೆಗೆ ‘ಏನೋ’ ಅನ್ನುತ್ತಿದ್ದ ತೆಟಿ ‘ಬನ್ನಿ, ಕೂತ್ಕೊಳ್ಳಿ’ ಅಂದಳು.

ಸಂಜೆ ಇಬಿಯಾ ಕಲ್ಲಿನ ಮೇಲೆ ತನ್ನ ಹೆಸರನ್ನು ಮಸಿಯಲ್ಲಿ ಬರೆದುಕೊಟ್ಟ. ವಾಹ್ಕಾ ಉಳಿ ಹಿಡಿದು ಗೆರೆಗೆರೆಯಾಗಿ ಕೆತ್ತಿದ. ಹೆಸರಿನ ಕೊನೆಗೆ, ಇದು ಗಂಡಸಿನ ಹೆಸರು ಎಂದು ತಿಳಿಯಲು, ಮಂಡಿ ಮಡಿಸಿ ಕೂತ ಒಬ್ಬ ಪುಟ್ಟ ಮನುಷ್ಯ ಬರಬೇಕು. ಅವನೂ ಬಂದು ಕೂತ. ಇಪ್ಪತ್ತು ವರ್ಷದ ಆಸೆ ಕಣ್ಣೆದುರಿಗಿತ್ತು.

“ನಿಲ್ಲಿಸು,” ಅಂದ ರೆಸೆನೆಬ್.

ಅವನು ಕಲ್ಲನ್ನು ನೋಡಿದ, ಇಬಿಯಾನನ್ನು ನೋಡಿದ, ಹೆನೂತ್‌ಳ ಕಡೆ ತಿರುಗಿದ. “ಇವನು ಬರೆದ ಬಾತುಕೋಳಿಗೇ ಜೀವ ಬಂತು ತಾಯಿ. ಈ ಮನುಷ್ಯನೂ ಇವನೇ ಬರೆದದ್ದು. ಗೋರಿ ಬಾಗಿಲಲ್ಲೇ ಕೂತಿರ್ತಾನೆ, ಕಾಲೂ ಗಟ್ಟಿಯಾಗಿವೆ. ಎದ್ದು ಒಳಗೆ ಹೋದ ಅಂತಿಟ್ಕೊಳ್ಳಿ. ಯಜಮಾನ್ರ ಸಾವಿರ ಬಾತುಕೋಳಿ ಕಾಯೋರ್ಯಾರು?”

ಹೆನೂತ್‌ಳ ಮುಖದ ಬಣ್ಣವೇ ಬದಲಾಯಿತು. ಇಬಿಯಾನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಿಜ. ಬೆಳಗಿಂದ ಇವನ ಕಣ್ಣು ಅದರ ಮೇಲೇ ಇತ್ತು. ಏನ್ಮಾಡೋದು ಅಯ್ಯನೋರೆ?”

“ಕಾಲು ತೆಗೆಸಿ.”

ಇಬಿಯಾ ಹೌಹಾರಿದ. “ಬೇಡ ಅಮ್ಮಾವ್ರೆ! ಅದು ನಾನು ಬರೆದ ಬಾತುಕೋಳಿ ಅಲ್ಲ! ನಿಮ್ಮ ಕೊಳದ್ದೇ! ಈ ವಾಹ್ಕಾ ಕದ್ದು ಬುಟ್ಟೀಲಿ ಮುಚ್ಚಿಟ್ಟಿದ್ದ!”

“ಬುಟ್ಟಿ?” ವಾಹ್ಕಾ ಕಣ್ಣರಳಿಸಿದ. “ಆ ಹಳೇ ಬುಟ್ಟೀಲಾ? ನೋಡಿದ್ರಾ ಅಮ್ಮಾವ್ರೆ, ಕಾಲು ಉಳಿಸ್ಕೊಳ್ಳೋಕೆ ನನ್ನಂಥೋನ ಮೇಲೆ ಕಳ್ಳತನ ಹಾಕ್ತಾನೆ!”

“ಛೀ,” ಅಂದಳು ತೆಟಿ. “ದೇವರು ಕೊಟ್ಟ ಹಕ್ಕೀನ ಕದ್ದ ಮಾಲು ಅಂತಾನಲ್ಲ, ಇವನ ಬಾಯಿಗಿಷ್ಟು ಮಣ್ಣು ಹಾಕ!”

ವಾಹ್ಕಾ ಇನ್ನು ತಡಮಾಡಲಿಲ್ಲ. ಉಳಿಗೆ ಎರಡೇ ಏಟು. ಪುಟ್ಟ ಮನುಷ್ಯನ ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಕಲ್ಲಿನ ಪುಡಿಯನ್ನು ವಾಹ್ಕಾ ಬಾಯಲ್ಲಿ ಊದಿ ಹಾರಿಸಿದ.

ಇಬಿಯಾ ಆ ಅರ್ಧ ಮನುಷ್ಯನನ್ನೇ ನೋಡುತ್ತ ಕೂತ. ಹೆಸರು ಉಳಿಯುತ್ತದೆ, ಅನುಮಾನವಿಲ್ಲ. ಕಲ್ಲು ಇರುವವರೆಗೆ ಅವನೂ ಇರುತ್ತಾನೆ, ಹೀಗೆಯೇ.

ಪೆಟ್ಟಿಗೆ ದೋಣಿಗೆ ಹೊರಟಿತು. ಹೆನೂತ್ ಬಾತುಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದೆ ನಡೆದಳು. ದಾಟಿ ಹೋಗುವಾಗ ಇಬಿಯಾನ ಮುಖ ಕಂಡು ಅವಳಿಗೆ ಮರುಕ ಬಂತು. ನಿಂತು ಬೆನ್ನು ಸವರಿದಳು.

“ಬೇಜಾರು ಮಾಡ್ಕೋಬೇಡಪ್ಪ. ನೀನು ಲಿಪಿಕಾರ, ಕೂತ್ಕೊಂಡು ಬರೆಯೋನು. ನಿಂಗ್ಯಾಕೆ ಕಾಲು?”

ಅಂಗಳ ಖಾಲಿಯಾಯಿತು. ಇಬಿಯಾ ಎದ್ದು ಮನೆಗೆ ಹೋಗೋಣವೆಂದು ನೆಲಕ್ಕೆ ಕೈಯೂರಿದ. ಕಾಲು ಏಳಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದ. ಆಮೇಲೆ ಮೆಲ್ಲಗೆ, ಗಾಬರಿಯಿಂದ, ಎರಡೂ ಕೈಯಲ್ಲಿ ತನ್ನ ಕಾಲು ಇವೆಯೇ ಎಂದು ತಡವಿ ನೋಡಿಕೊಂಡ.