ಇನ್ನೊಂದು ಜೀವ ಐತಿ

ಮನುಷ್ಯನಿಗೆ ಇರುವುದು ಒಂದೇ ಜೀವ, ಅದನ್ನು ಬಹಳ ಜೋಪಾನವಾಗಿ ಬಳಸಬೇಕು ಎಂದು ಬಲ್ಲವರೆಲ್ಲ ಹೇಳುತ್ತ ಬಂದಿದ್ದಾರೆ. ಅವರಲ್ಲಿ ಒಬ್ಬರೂ ಇಚಲಕರಂಜಿಯ ಶಾಮರಾವರ ವಿಡಿಯೋ ಗೇಮ್ ಅಂಗಡಿಗೆ ಬಂದವರಲ್ಲ. ಅಲ್ಲಿ ಒಂದು ನಾಣ್ಯ ಹಾಕಿದರೆ ಮೂರು ಜೀವ ಕೊಡುತ್ತಿದ್ದರು. ಮೂರನ್ನೂ ಕಳೆದುಕೊಂಡು, ಅಂಗೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡು, ಏನೂ ಆಗದವರಂತೆ ಹೋಗಿ ನೂಲಿನ ಅಂಗಡಿಯಲ್ಲಿ ಗುಮಾಸ್ತಿಕೆ ಮುಂದುವರಿಸಬಹುದಿತ್ತು. ಎಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಾನು ಹೀಗೆ ಎಷ್ಟು ಸಲ ಸತ್ತೆನೋ ಲೆಕ್ಕವಿಟ್ಟಿಲ್ಲ. ನಾನು ಸತ್ತದ್ದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಕೊಲ್ಲುವ ವಿಷಯ. ಅದರಿಂದ ನನ್ನ ಮದುವೆ ತಪ್ಪಿಹೋಗುವುದರಲ್ಲಿತ್ತು.

ಈ ಕಲೆಯಲ್ಲಿ ನಾನು ನಿನ್ನೆ ಮೊನ್ನೆ ಕಣ್ಣುಬಿಟ್ಟವನಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಎಪ್ಪತ್ತರ ದಶಕದಲ್ಲಿ ಕೊಲ್ಲಾಪುರದ ಒಂದು ಪ್ರದರ್ಶನದಲ್ಲಿ, ಕೊಳವೆಯೊಳಗೆ ಕಣ್ಣಿಟ್ಟು ತಗಡಿನ ಹಡಗುಗಳನ್ನು ಮುಳುಗಿಸುವ ಯಂತ್ರ ಬಂದಿತ್ತು. ಅದರ ಮುಂದೆ ನಿಂತ ದಿನದಿಂದ ನಾನು ಈ ಉದ್ಯಮವನ್ನು ಹತ್ತಿರದಿಂದ ನೋಡುತ್ತ ಬಂದಿದ್ದೇನೆ, ಮತ್ತು ಅದರ ಬಗ್ಗೆ ನನಗೆ ಕೆಲವು ಗಂಭೀರ ಅಭಿಪ್ರಾಯಗಳಿವೆ. ಯಾರೂ ಕೇಳಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇನೆ. ಹಳೆಯ ಯಂತ್ರದಲ್ಲಿ ಹಡಗು ಮುಳುಗಿದರೆ ಗಂಟೆಯೊಂದು ಬಡಿಯುತ್ತಿತ್ತು. ಆಡಿದವನಿಗೆ ಅಷ್ಟಾದರೂ ಮರ್ಯಾದೆ ಇತ್ತು. ಹೊಸ ಯಂತ್ರಗಳಲ್ಲಿ ಗೆಲುವು ಎಂಬುದೇ ಇಲ್ಲ. ಆಕಾಶದಿಂದ ಇಳಿಯುವ ಶತ್ರುಗಳ ಒಂದು ದಂಡನ್ನು ಹೊಡೆದು ಮುಗಿಸಿದರೆ ಇನ್ನೊಂದು ದಂಡು ಇನ್ನೂ ಜೋರಾಗಿ ಬರುತ್ತದೆ. ಎಷ್ಟೇ ನಿಪುಣನಾದರೂ ಕೊನೆಗೆ ಸೋತೇ ಮನೆಗೆ ಹೋಗಬೇಕು. ಜಗತ್ತಿನಲ್ಲಿ ಎಲ್ಲ ವ್ಯಾಪಾರಿಗಳೂ ಏನಾದರೊಂದು ಮಾಲು ಮಾರುತ್ತಾರೆ, ಇವರು ಸೋಲನ್ನು ಮಾರುತ್ತಾರೆ. ನಾವು ಸಾಲಿನಲ್ಲಿ ನಿಂತು ಕೊಳ್ಳುತ್ತೇವೆ. ಇದರ ಮೇಲೆ ಶಾಮರಾವರು ಬಾಗಿಲ ಮೇಲೆ ‘ಬುದ್ಧಿಗೆ ವ್ಯಾಯಾಮ’ ಎಂದು ಮರಾಠಿಯಲ್ಲಿ ಬರೆಸಿದ್ದರು. ವ್ಯಾಯಾಮವಾದದ್ದು ಬಲಗೈ ಹೆಬ್ಬೆರಳಿಗೆ ಮಾತ್ರ. ಯಂತ್ರ ಮುಂಬಯಿಯಿಂದ ಬಂದದ್ದಾದರೂ ಅದರ ಹ್ಯಾಂಡಲ್ ಮುರಿದಾಗಲೆಲ್ಲ ಶಾಮರಾವರು ಪಕ್ಕದ ಪಾವರಲೂಮಿನವರಿಂದ ಮಗ್ಗದ ಸಾಮಾನು ತಂದು ಜೋಡಿಸುತ್ತಿದ್ದರು. ಹೀಗಾಗಿ ನಮ್ಮೂರಿನ ಆಕಾಶನೌಕೆ ಎಡಕ್ಕೆ ಸರಿಯುವಾಗ ಥೇಟ್ ಮಗ್ಗದ ಹಾಗೆ ಖಟ್ ಎನ್ನುತ್ತಿತ್ತು. ಇನ್ನೊಂದು ಕೊರತೆಯೆಂದರೆ, ಕರೆಂಟು ಹೋದರೆ ಯಂತ್ರ ಎಲ್ಲವನ್ನೂ ಮರೆತುಬಿಡುತ್ತಿತ್ತು. ಹೆಚ್ಚು ಅಂಕ ಗಳಿಸಿದವರ ಹೆಸರನ್ನು ಶಾಮರಾವರು ಬಟನ್ ಒತ್ತಿ ಸೇರಿಸುತ್ತಿದ್ದ ಪಟ್ಟಿ ತೆರೆಯ ಮೇಲೆ ಬರುತ್ತಿತ್ತಲ್ಲ, ಅದು ಬರಿದಾಗುತ್ತಿತ್ತು. ನಮ್ಮೂರಿನ ಕರೆಂಟು ಎಂಥದೆಂದು ಗೊತ್ತಿದ್ದವರಿಗೆ ನನ್ನ ಕೀರ್ತಿಯ ಆಯುಸ್ಸು ಎಷ್ಟಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಈಗ ಮದುವೆಯ ವಿಷಯ. ನನಗೆ ಆಗ ಮೂವತ್ತು ದಾಟಿತ್ತು. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ನೀರು ಸೋಸದೆ ಕುಡಿಯುವುದಿಲ್ಲ, ಇರುವೆ ಸಾಲು ಕಂಡರೆ ಸುತ್ತುಹಾಕಿ ಹೋಗುತ್ತೇವೆ. ದತ್ತವಾಡದ ಸುಮತಿ ಎಂಬ ಹುಡುಗಿಯನ್ನು ನೋಡಿ ಬಂದಿದ್ದೆವು. ಅವಳು ಚಹಾ ಕೊಟ್ಟಾಗ ಕಪ್ಪು ಬಸಿ ಗಡಗಡ ಅಲುಗಿದವು. ಅಲುಗಿದ್ದು ಅವಳ ಕೈಯಲ್ಲಲ್ಲ, ನನ್ನ ಕೈಯಲ್ಲಿ. ಅವಳು ನಗು ಕಚ್ಚಿಹಿಡಿದು ಒಳಗೆ ಹೋದಳು. ಎಂಥ ದಂಡು ಬಂದರೂ ಹ್ಯಾಂಡಲ್ ಮೇಲೆ ನಡುಗದ ಕೈ ಅದು. ಆ ಗಳಿಗೆಯಿಂದ ನನಗೆ ಬೇರೆ ಹುಡುಗಿಯನ್ನು ನೋಡಲು ಹೋಗುವ ಮನಸ್ಸೇ ಇಲ್ಲದಾಯಿತು. ಸುಮತಿಗೆ ತಂದೆ ಇರಲಿಲ್ಲ. ಅವಳ ಸೋದರಮಾವ ಬಾಳಗೌಡರು ಹೂಂ ಎಂದರೆ ಹೂಂ. ಹುಡುಗಿ ನೋಡುವ ದಿನ ಅವರು ಕಬ್ಬಿನ ಕೆಲಸದಲ್ಲಿ ಸಿಕ್ಕಿಬಿದ್ದು ಬಂದಿರಲಿಲ್ಲ. ಬರುವ ರವಿವಾರ ತಾವೇ ನಮ್ಮ ಮನೆಗೆ ಬಂದು ಮಾತು ಮುಗಿಸುವುದಾಗಿ ಹೇಳಿ ಕಳಿಸಿದರು.

ಆ ರವಿವಾರಕ್ಕೆ ಮುಂಚೆ ಒಂದು ದಿನ ನಾನೂ ನನ್ನ ಗೆಳೆಯನೊಬ್ಬನೂ ಕೊಲ್ಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಕೊಲ್ಲಾಪುರದ ಬಸ್ಸಿನಲ್ಲಿ ಕನ್ನಡ ಮಾತಾಡಿದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಮರಾಠಿ ಸೀಮೆಯಲ್ಲಿರುವ ನಮ್ಮಂಥ ಕನ್ನಡದವರ ಒಂದು ಹಳೆಯ ಧೈರ್ಯ. ಗುಟ್ಟಿನ ಮಾತೆಲ್ಲ ನಾವು ಅಲ್ಲಿಯೇ ಆಡುವುದು, ಅದೂ ಗಟ್ಟಿಯಾಗಿ. ಅರ್ಧ ಬಸ್ಸು ನಮ್ಮಂಥವರೇ ಕುಳಿತು, ಅದೇ ಧೈರ್ಯದಿಂದ ತಂತಮ್ಮ ಗುಟ್ಟು ಮಾತಾಡುತ್ತಿರುತ್ತಾರೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ನಾನು ಗೆಳೆಯನಿಗೆ ಹೇಳಿದ್ದು ಇಷ್ಟೇ: “ನಿನ್ನೆ ಮೂರೂ ಜೀವ ನೋಡನೋಡೂದ್ರಾಗ ಹೋದುವಲೇ. ಇವತ್ತ ಬಿಡಾಂವಲ್ಲ. ಒಂದೂ ಉಳೀಲಾರದಂಗ ಹೊಡದs ಮನಿಗಿ ಹೋಗಾಂವ.”

ರವಿವಾರ ಮಧ್ಯಾಹ್ನ ಇಳಿಹೊತ್ತಿಗೆ ಬಾಳಗೌಡರು ಬಂದರು. ಬಿಳಿ ಧೋತರ, ಕರಿ ಕೋಟು, ರುಮಾಲು. ಅವ್ವ ತಂಬಿಗೆಯಲ್ಲಿ ನೀರು ಕೊಟ್ಟಳು. ಅವರು ತಂಬಿಗೆಯನ್ನು ಬಾಯಿಯವರೆಗೆ ಎತ್ತಿದವರು ನನ್ನ ಮುಖ ನೋಡಿದರು, ಮತ್ತೆ ನೋಡಿದರು, ತಂಬಿಗೆಯನ್ನು ಕುಡಿಯದೆ ಕೆಳಗಿಟ್ಟರು. ನಮ್ಮಲ್ಲಿ ಬೀಗರಾಗುವವರು ನೀರು ಕೆಳಗಿಟ್ಟರೆ ಅದಕ್ಕಿಂತ ಸ್ಪಷ್ಟವಾದ ಮಾತು ಬೇರೊಂದಿಲ್ಲ.

“ಬಸ್ಸಿನ್ಯಾಗ ನನ್ನ ಮುಂದ ಕುಂತಾಂವ ನೀನs ಏನ ತಮ್ಮಾ?” ಎಂದರು. “ಯಾವ ಜೀವ ಹೊಡೀತಿ ನೀ?”

ಅವ್ವ ಒಳಬಾಗಿಲಲ್ಲಿ ಗೋಡೆ ಹಿಡಿದು ನಿಂತಳು. ನಾನು ವಿವರಿಸತೊಡಗಿದೆ. ಅವು ನಿಜವಾದ ಜೀವಗಳಲ್ಲ, ಪೆಟ್ಟಿಗೆಯೊಳಗಿನ ಬೆಳಕಿನ ಚುಕ್ಕಿಗಳು, ಹೋದ ಮೂರೂ ನನ್ನವೇ ಎಂದೆ. ನನ್ನ ಜೀವ ಮೂರು ಎಂದದ್ದು ಅವರಿಗೆ ಇನ್ನಷ್ಟು ಅನುಮಾನ ಹುಟ್ಟಿಸಿತು. ಬೆಳಕಾದರೇನು, ಹೊಡೆಯಬೇಕೆಂದು ಮನಸ್ಸಿನಲ್ಲಿ ಬಂತೋ ಇಲ್ಲವೋ ಎಂದು ಕೇಳಿದರು. ಹಿಟ್ಟಿನ ಕೋಳಿ ಮಾಡಿ ಕೊಯ್ದವರು ಆ ಒಂದು ಪಾಪಕ್ಕೆ ಎಷ್ಟೋ ಜನ್ಮ ತಿರುಗಾಡಿದ ಕತೆಯನ್ನು ಬಸದಿಯಲ್ಲಿ ಕೇಳದ ಜೈನ ಮಗುವಿಲ್ಲ. ಬಾಳಗೌಡರು ಆ ಕತೆಯನ್ನು ಹೇಳಲಿಲ್ಲ. “ಹಿಟ್ಟಿನ ಕೋಳಿ,” ಎಂದಷ್ಟೇ ಅಂದು ನನ್ನ ಕಡೆ ನೋಡಿದರು. ಕೊನೆಗೆ ಎದ್ದುನಿಂತು, ನೋಡದೆ ತೀರ್ಪು ಕೊಡುವವನು ತಾನಲ್ಲ, ನಡೆ, ತೋರಿಸು ಎಂದರು. ಹೊತ್ತು ಮುಳುಗುವುದರೊಳಗೆ ಊಟಕ್ಕೆ ಬಂದುಬಿಡಿ, ಹೋಳಿಗೆ ಮಾಡಿದ್ದೇನೆ ಎಂದು ಅವ್ವ ಹಿಂದಿನಿಂದ ಹೇಳಿದಳು. ಮಾತು ಅವರಿಗೆ, ಕಣ್ಣು ನನಗೆ. ಬೀಗರು ಉಪವಾಸ ಹೋದರೆ ಅವಳು ನನ್ನನ್ನು ಉಳಿಸುವವಳಲ್ಲ, ಅವಳು ಎಷ್ಟೇ ಜೀವದಯೆಯವಳಾಗಿರಲಿ.

ದಾರಿಯುದ್ದಕ್ಕೂ ನಾನು ಒಂದು ಯುಕ್ತಿ ಹುಡುಕಿದೆ. ಹೊಡೆಯದೆಯೇ ಆಡಿದರೆ? ಬರೀ ತಪ್ಪಿಸಿಕೊಳ್ಳುತ್ತ ಹೋದರೆ? ಈ ಉದ್ಯಮದ ಇತಿಹಾಸದಲ್ಲಿ ಯಾರೂ ಮಾಡದ ಪ್ರಯೋಗ. ಅಂಗಡಿಯಲ್ಲಿ ಮಧ್ಯಾಹ್ನ ಕರೆಂಟು ಹೋಗಿ ಆಗತಾನೆ ಬಂದಿತ್ತು, ಪಟ್ಟಿ ಬರಿದಾಗಿತ್ತು. ನಾಣ್ಯ ಹಾಕಿದೆ. ಮೇಲಿನಿಂದ ದಂಡು ಇಳಿಯತೊಡಗಿತು. ಆ ಶತ್ರುಗಳಿಗೆ ಆರಾರು ಕಾಲುಗಳಿದ್ದವು, ತಲೆಯ ಮೇಲೆ ಎರಡು ಮೀಸೆಗಳಿದ್ದವು, ಅವು ಸಾಕ್ಷಾತ್ ಹುಳಗಳ ಹಾಗೆ ಇದ್ದವು ಎಂಬುದು ಇಷ್ಟು ವರ್ಷ ಆಡಿದ ನನಗೆ ಆವತ್ತು ಮೊದಲ ಸಲ ಕಾಣಿಸಿತು. ಗುಂಡಿನ ಬಟನ್ ಒತ್ತುವ ಹೆಬ್ಬೆರಳನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡೆ. ಎಡಕ್ಕೆ ಖಟ್, ಬಲಕ್ಕೆ ಖಟ್. ಬೆನ್ನಿನ ಮೇಲೆ ಬಾಳಗೌಡರ ಉಸಿರು. ಮೊದಲನೆಯ ಜೀವ ಹೋಯಿತು, ಎರಡನೆಯದು ಹೋಯಿತು. ಮೂರನೆಯದನ್ನು ಹಿಡಿದು ನಾನು ಓಡಾಡಿದ ಹಾಗೆ ಆ ಪರದೆಯ ಮೇಲೆ ಯಾರೂ ಓಡಾಡಿರಲಿಕ್ಕಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನಿಂದ, ಇದು ಹುಳಕ್ಕೆ ದಾರಿ ಬಿಡುವ ಆಟ, ಇದರಲ್ಲಿ ಹೊಡೆಯುವುದು ಎಲ್ಲಿದೆ ಎಂಬ ಅರ್ಥದ ಗೊಣಗು ಕೇಳಿತು. ನನ್ನ ಎದೆ ಹಗುರಾಯಿತು. ಸುಮತಿ ಹೋಳಿಗೆ ಬಡಿಸುವುದು ಕಂಡಂತಾಯಿತು.

ಆಗ ಶಾಮರಾವರು ಎದ್ದು ಬಂದರು. ಅಂಗಡಿಯ ನಂಬಿಕೆಯ ಗಿರಾಕಿ ಒಂದೂ ಗುಂಡು ಹಾರಿಸದೆ ಸಾಯುವುದನ್ನು ನೋಡುವುದು ಅವರಿಗೆ ಆಗಲಿಲ್ಲ. ಬಟನ್ ಕೆಟ್ಟಿದೆಯೇ ಎಂದು ಮರಾಠಿಯಲ್ಲಿ ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ, ಕಣ್ಸನ್ನೆ ಮಾಡಿದೆ. ಅವರಿಗೆ ಅರ್ಥವಾಗಲಿಲ್ಲ. ನನ್ನ ಭುಜದ ಮೇಲಿಂದ ಕೈ ಚಾಚಿ ಬಟನ್ ಒತ್ತಿಯೇಬಿಟ್ಟರು. ಟುಂಯ್ ಎಂದಿತು. ಪರದೆಯ ನಟ್ಟನಡುವೆ ಒಂದು ಹುಳ ಚೂರುಚೂರಾಯಿತು. “ಚಾಂಗಲಾ ಆಹೇ ಕೀ,” ಎಂದು ಅವರು, ಬಟನ್ ಚೆನ್ನಾಗಿಯೇ ಇದೆಯೆಂಬ ಸಮಾಧಾನದಿಂದ, ತಮ್ಮ ಕುರ್ಚಿಗೆ ಹೋದರು.

ಬಾಳಗೌಡರು ಹುಳ ಚೂರಾದ ಜಾಗವನ್ನು ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: “ಅದನ್ನ ಹೊಡೀಲಿಲ್ಲಂದ್ರ ಏನ ಆಗ್ತೈತಿ?”

“ನಮ್ಮ ಜೀವ ಹೋಗ್ತೈತ್ರಿ ಮಾವಾ,” ಎಂದೆ. ಅನ್ನುವಷ್ಟರಲ್ಲಿ ಹೋಯಿತು.

ಪಟ್ಟಿಯಲ್ಲಿ ನನ್ನ ಹೆಸರು ಬಂತು, ಶಾಮರಾವರು ಕೊಂದ ಒಂದು ಹುಳದ ಪುಣ್ಯದಿಂದ. ಬಾಳಗೌಡರು ಕೋಟಿನ ಕಿಸೆಗೆ ಕೈ ಹಾಕಿದರು. ಹೊಡೆಯದೆ ಪಾರಾಗಲು ಬರುತ್ತದೋ ಇಲ್ಲವೋ ತಾನೇ ನೋಡುತ್ತೇನೆ ಎಂದು ರುಮಾಲು ತೆಗೆದು ನನ್ನ ಕೈಗೆ ಕೊಟ್ಟು ಹ್ಯಾಂಡಲ್ ಹಿಡಿದರು. ಎತ್ತಿನ ಹಗ್ಗ ಹಿಡಿದ ಕೈ. ಹ್ಯಾಂಡಲ್ ಖಟ್ ಎನ್ನುವುದನ್ನೇ ಬಿಟ್ಟಿತು. ಆದರೂ ಮೊದಲ ಜೀವ ಕಣ್ಣುಮುಚ್ಚಿ ತೆರೆಯುವುದರಲ್ಲಿ ಹೋಯಿತು. ಹುಳಗಳಿಗೆ ಅವರ ವ್ರತದ ಬಗ್ಗೆ ಯಾವ ಗೌರವವೂ ಇರಲಿಲ್ಲ. ಎರಡನೆಯದೂ ಹೋಯಿತು. ನಾನು ಬಾಗಿಲಾಚೆ ನೋಡಿದೆ. ಎದುರಿನ ಗೋಡೆಯ ಮೇಲಿನ ಬಿಸಿಲು ಕಿಟಕಿಯಿಂದ ಮಾಳಿಗೆಗೆ ಏರಿ, ಮಾಳಿಗೆಯ ಅಂಚಿನಲ್ಲಿ ಒಂದು ಪಟ್ಟಿಯಷ್ಟು ಉಳಿದಿತ್ತು. ಮನೆಯಲ್ಲಿ ಅವ್ವ ಎಲೆ ಹಾಕಿ ಬೀದಿ ನೋಡುತ್ತಿದ್ದಾಳೆ. ಹಿರಿಯರನ್ನು ಆಟದಿಂದ ಎಬ್ಬಿಸಿದರೆ ಉದ್ಧಟತನ, ಎಬ್ಬಿಸದಿದ್ದರೆ ಬೀಗರು ಉಪವಾಸ. ಎರಡರಲ್ಲಿ ಯಾವುದಾದರೂ ಮದುವೆ ಮುರಿಯಲು ಸಾಕು.

“ಮಾವಾ, ಹೊತ್ತು ಹೊಂಟೈತ್ರಿ,” ಎಂದೆ.

“ತಡಿ ತಮ್ಮಾ,” ಎಂದರು ಬಾಳಗೌಡರು ಪರದೆಯಿಂದ ಕಣ್ಣು ತೆಗೆಯದೆ. “ಇನ್ನೊಂದು ಜೀವ ಐತಿ.”

ನಾನು ಮತ್ತೆ ಬಿಸಿಲ ಕಡೆ ತಿರುಗಿದೆ. ಅದು ಮಾಳಿಗೆಯ ಅಂಚನ್ನು ಬಿಟ್ಟು ಮೇಲಕ್ಕೆ ಹೋಗುತ್ತಿರುವಾಗ ಬೆನ್ನ ಹಿಂದೆ ಟುಂಯ್ ಎಂಬ ಸದ್ದು ಕೇಳಿತು. ಶಾಮರಾವರಿರಬೇಕು ಎಂದು ನೋಡಿದೆ. ಅವರು ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಟುಂಯ್ ಟುಂಯ್ ಎಂದಿತು. ಆಮೇಲೆ ಮಗ್ಗಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯದ ಹಾಗೆ ಸದ್ದು ಒಂದೇ ಸಮ ಬರತೊಡಗಿತು. ನಾನು ತಿರುಗಲಿಲ್ಲ. ನೋಡದೆ ತೀರ್ಪು ಕೊಡಬಾರದು ಎಂದು ಅವರೇ ಹೇಳಿದ್ದರು. ನಾನು ನೋಡುವುದನ್ನೇ ಬಿಟ್ಟೆ.

ಮುಗಿದ ಮೇಲೆ ಅವರು ರುಮಾಲು ಸುತ್ತಿಕೊಂಡರು. ಹೊರಗೆ ದೀಪ ಹತ್ತಿದ್ದವು. ಮನೆ ಬಾಗಿಲಲ್ಲಿ ಅವ್ವ ನಿಂತಿದ್ದಳು. ಬಾಳಗೌಡರು ಅವಳಿಗೆ ಮಾತಿಗೆ ಎಡೆ ಕೊಡದೆ, ತಮ್ಮದು ಇವತ್ತು ಉಪವಾಸ ಎಂದರು. ಯಾಕೆ ಎಂದು ಅವ್ವ ಕೇಳಲಿಲ್ಲ, ನಾನು ಹೇಳಲಿಲ್ಲ. ಬೀಗರು ಸಿಟ್ಟಿನಿಂದ ಉಪವಾಸ ಮಲಗಿದರೆಂದೇ ಅವಳು ತಿಳಿದಳು. ಹೋಳಿಗೆಗಳು ಬುಟ್ಟಿಯಲ್ಲಿ, ನಾವು ಮೂವರು ಮೂರು ಮೂಲೆಯಲ್ಲಿ. ಒಳ್ಳೆಯ ಸಂಬಂಧವೊಂದು ಆರು ಕಾಲಿನ ಬೆಳಕಿಗೆ ಬಲಿಯಾಯಿತು, ಇನ್ನು ಬಟನ್ ಮುಟ್ಟುವುದಿಲ್ಲ ಎಂದು ನಾನು ಪ್ರತಿಜ್ಞೆಯನ್ನೂ ಮಾಡಿದೆ.

ಬೆಳಿಗ್ಗೆ ಸೂರ್ಯ ಮೇಲೆ ಬಂದ ಮೇಲೆ ಬಾಳಗೌಡರು ನಿನ್ನೆಯ ಹೋಳಿಗೆ ಎಂದು ನೋಡದೆ, ಅವ್ವ ಹಾಕಿದ್ದನ್ನೆಲ್ಲ ಉಂಡರು. ನೀರು ಕುಡಿದರು. ಅನಂತರ ಅವ್ವನ ಕಡೆ ತಿರುಗಿ, “ಹುಡುಗ ಛಲೋ ಅದಾನವ್ವಾ. ಒಂದೂ ಹುಳ ಹೊಡೀಲಿಲ್ಲ, ನಾನs ನಿಂತ ನೋಡೇನಿ,” ಎಂದರು. ಅವ್ವ ಕಣ್ಣೊರೆಸಿಕೊಂಡಳು. ನಾನು ನೆಲ ನೋಡಿದೆ; ವಿನಯವೆಂದು ಎಲ್ಲರೂ ಭಾವಿಸಿದರು.

ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಹೋದೆ. ಬಸ್ಸು ಹತ್ತುವ ಮೊದಲು ಅವರು ಅತ್ತ ಇತ್ತ ನೋಡಿ, ತಾವು ಬೆಲ್ಲದ ವ್ಯಾಪಾರಕ್ಕೆ ಆಗಾಗ ಗಡಹಿಂಗ್ಲಜಕ್ಕೆ ಹೋಗುತ್ತಿರುವುದಾಗಿ ಹೇಳಿ, ಅಲ್ಲಿ ಇಂಥ ಅಂಗಡಿ ಏನಾದರೂ ಇದೆಯೇ ಎಂದು ವಿಚಾರಿಸಿದರು. ಕನ್ನಡದಲ್ಲಿಯೇ ಕೇಳಿದರು, ಆದರೆ ನನ್ನ ಕಿವಿಯ ಹತ್ತಿರ ಬಂದು.

ಆ ಯಂತ್ರದ ಬಗ್ಗೆ ಇನ್ನೊಂದು ತಾಂತ್ರಿಕ ವಿವರವಿದೆ. ಹೊಡೆಯದೆ ಆಡಿದವರಿಗೆ ಅದು ಸೊನ್ನೆ ಕೊಡುತ್ತಿತ್ತು. ಸೊನ್ನೆ ಗಳಿಸಿದವರ ಹೆಸರು ಪಟ್ಟಿಗೆ ಏರುತ್ತಿರಲಿಲ್ಲ. ನಾವು ಅಂಗಡಿಯಿಂದ ಹೊರಡುವಾಗ ಪಟ್ಟಿಯಲ್ಲಿ ಎರಡು ಹೆಸರುಗಳಿದ್ದವು. ನನ್ನದು ಕೆಳಗಿನದು.